ಹತ್ತರ ಮೇಲೊಂದು ಕೊಸರು

ಮಗಳ ಕೈ ಎಡವಿತೆಂದು ಅಪ್ಪ ಅಮ್ಮ ಓಣಿಗೆಲ್ಲ ಸಕ್ಕರೆ ಹಂಚುವ ಕಾಲ ಬಂದು ಆರು ವರ್ಷವಾಗಿತ್ತು. ಎಲ್ಲವೂ ಒಂದು ಟೋಪಿಯ ಮಹಿಮೆ.

ಟೋಪಿ ಎಂದರೆ ತಲೆಗೆ ಹಾಕುವುದಲ್ಲ, ಜನರಿಗೆ ಹಾಕುವುದೂ ಅಲ್ಲ. ಹುಣಸೆಬೀಜದ ಗಾತ್ರದ್ದು, ಪೆನ್ಸಿಲ್ಲಿನ ಹಿಂತುದಿಗೆ ಸಿಕ್ಕಿಸಿದರೆ ಮುಗಿಯಿತು. ಮಗು ಬರೆದ ಉತ್ತರ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದು ಓದುವುದು ಕೈಯನ್ನು. ಹೊಸ ಬಗೆಯ ಲೆಕ್ಕ ಎದುರಾದಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಪೆನ್ಸಿಲ್ಲು ಕಾಗದವನ್ನು ತುಸು ಹೆಚ್ಚು ಒತ್ತುತ್ತದೆ, ಬೆರಳು ಕಂಡೂ ಕಾಣದಷ್ಟು ನಡುಗುತ್ತದೆ. ಇದು 'ಎಡವು'. ಅದೇ ಬಗೆಯ ಲೆಕ್ಕ ಕಲಿತ ಮೇಲೆ ಕೈ ಇಳಿಜಾರಿಗೆ ಬಿಟ್ಟ ಸೈಕಲ್ಲಿನಂತೆ ಹೋಗುತ್ತದೆ. ಇದು 'ನಡೆ'. ಎಡವಿಗೂ ನಡೆಗೂ ನಡುವೆ ಎಷ್ಟು ಅಂತರವೋ ಮಗು ಅಷ್ಟು ಬೆಳೆದಂತೆ. ಆ ಅಂತರಕ್ಕೆ 'ಚಿಗುರು' ಎಂದು ಹೆಸರಿಟ್ಟರು. ಪರೀಕ್ಷೆ, ಅಂಕಪಟ್ಟಿ, ರ್‍ಯಾಂಕು ಎಲ್ಲಕ್ಕೂ ಒಟ್ಟಿಗೆ ನಿವೃತ್ತಿ ಕೊಟ್ಟರು.

ಜನ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ನಲ್ಲಿಯ ಹತ್ತಿರ ಕೊಡ ಇಟ್ಟವರು "ನಮ್ಮವ ಫಸ್ಟ್ ಕ್ಲಾಸು" ಎನ್ನುವುದನ್ನು ಬಿಟ್ಟು "ನಮ್ಮವ ಏನ್ ಎಡವ್ತಾನ್ರೀ, ನೋಡಾಕೆ ಎರಡು ಕಣ್ಣು ಸಾಲವು" ಎನ್ನತೊಡಗಿದರು. ಟ್ಯೂಷನ್ನಿನವರು ಮೂರೇ ತಿಂಗಳಲ್ಲಿ 'ಎಡವುವ ತರಬೇತಿ' ಶುರು ಮಾಡಿದರು. ಟೋಪಿಯೇನು ದಡ್ಡನಲ್ಲ. ಬೇಕೆಂದೇ ಎಡವುವ ಕೈಗೆ ಒಂದು ತಾಳ ಇರುತ್ತದೆ, ನಿಜವಾಗಿ ಎಡವುವ ಕೈಗೆ ತಾಳಮೇಳ ಎರಡೂ ಇರುವುದಿಲ್ಲ ಎಂಬುದು ಅದಕ್ಕೆ ಗೊತ್ತಿತ್ತು. ತರಬೇತಿ ಕೇಂದ್ರಗಳೇ ಎಡವಿ ಬಿದ್ದವು.

ಈ ಟೋಪಿಗಳು ಕಳಿಸುವ ಸುದ್ದಿಯೆಲ್ಲ ಬಂದು ಬೀಳುವ ಜಾಗ ದಾವಣಗೆರೆಯ ಅಳತೆ ಕೋಣೆ. ಅಲ್ಲಿನ ದೊಡ್ಡ ಪರದೆಯ ಮೇಲೆ ಜಿಲ್ಲೆಯ ನೂರಾ ನಲವತ್ತು ಸಂಜೆಶಾಲೆಗಳಿಗೆ ನೂರಾ ನಲವತ್ತು ಹಸಿರು ಗೆರೆ. ಹಗಲು ಶಾಲೆ ಮುಗಿದ ಮೇಲೆ ಮಕ್ಕಳು ಸಂಜೆಶಾಲೆಗೆ ಬಂದು ಆ ದಿನದ ಪಾಠದ ಹತ್ತು ಲೆಕ್ಕ ಮಾಡಬೇಕು. ಎಲ್ಲಿ ಎಡವುತ್ತಾರೋ ಅಲ್ಲಿ ಟೀಚರು ಕೈಹಿಡಿಯಬೇಕು. ಗೆರೆ ಮೇಲೇರಿದರೆ ಶಾಲೆ ಚಿಗುರಿದೆ ಎಂದರ್ಥ.

ಆ ಸೋಮವಾರ ಗೆರೆ ನೋಡುವ ಕೆಲಸದ ಕೊಟ್ರೇಶ ಪರದೆಯ ಮುಂದೆ ಕುಳಿತು ಚಹಾ ಆರಿಸಿಕೊಳ್ಳುತ್ತಿದ್ದ. ಅವನಿಗೆ ಎರಡು ವಿದ್ಯೆ ಬರುತ್ತಿದ್ದವು. ಒಂದು, ಸಂಖ್ಯಾಶಾಸ್ತ್ರ, ಅದಕ್ಕೆ ವಿಶ್ವವಿದ್ಯಾಲಯದ ಪ್ರಮಾಣಪತ್ರವಿತ್ತು. ಇನ್ನೊಂದು, ಯಾರ ದನಿಯನ್ನಾದರೂ ಎರಡು ಸಲ ಕೇಳಿ ಮೂರನೆಯ ಸಲ ತಾನೇ ಆಡಿಬಿಡುವುದು. ಇದಕ್ಕೆ ಪ್ರಮಾಣಪತ್ರ ಇರಲಿಲ್ಲ, ಎರಡು ಮೆಮೊ ಇದ್ದವು. ಎರಡಕ್ಕೂ ರುಜು ಹಾಕಿದವರು ಕೋಣೆಯ ಮುಖ್ಯಸ್ಥರು, ಟೋಪಿಯನ್ನು ಕಂಡುಹಿಡಿದ ಡಾ. ಪ್ರಸನ್ನವದನ. ಅವರಿಗೆ ಹೆಸರಿಟ್ಟವರು ಸ್ವಲ್ಪ ಆತುರಪಟ್ಟಿದ್ದರು. ವದನ ದಿನಾ ಹತ್ತಕ್ಕೆ ಸರಿಯಾಗಿ ಹಾಜರಾಗುತ್ತಿತ್ತು. ಪ್ರಸನ್ನತೆ ಇನ್ನೂ ಚಾರ್ಜು ತೆಗೆದುಕೊಂಡಿರಲಿಲ್ಲ.

"ಗಮನಿಸಿ, ಕೊಟ್ರೇಶ್," ಎಂದರು ಅವರು ಹಿಂದಿನಿಂದ. ಅವರ ಮಾತೆಲ್ಲ ಅಲ್ಲಿಂದಲೇ ಶುರು. "ಹದಿನೇಳನೇ ನಂಬರಿನ ಗೆರೆ ಮಲಗಿದೆ."

ಕೊಟ್ರೇಶ ಅದನ್ನು ಬೆಳಿಗ್ಗೆಯೇ ನೋಡಿದ್ದ. ನೋಡದವನಂತೆ ಚಹಾ ಕುಡಿಯುತ್ತಿದ್ದ.

"ಮೂರು ತಿಂಗಳಿಂದ ಒಂದೇ ಒಂದು ಎಡವು ಇಲ್ಲ. ಇಪ್ಪತ್ತಮೂರು ಮಕ್ಕಳೂ ಹತ್ತಕ್ಕೆ ಹತ್ತು ಲೆಕ್ಕವನ್ನು ನಡೆದುಕೊಂಡೇ ಹೋಗಿದ್ದಾರೆ. ಇದರ ಅರ್ಥ?"

"ಮೊದಲೇ ಗೊತ್ತಿತ್ತು ಅಂತ, ಸರ್."

"ಅಥವಾ ಕಾಪಿ. ಎರಡರಲ್ಲಿ ಯಾವುದೇ ಆದರೂ ಅಲ್ಲಿ ಸಂಜೆಶಾಲೆ ಅನಗತ್ಯ. ಶುಕ್ರವಾರ ಅನಗತ್ಯ ಪಟ್ಟಿ ಇಲಾಖೆಗೆ ಹೋಗುತ್ತದೆ. ಸೇರಿಸಿ." ಎರಡು ಹೆಜ್ಜೆ ಹೋಗಿ ನಿಂತರು. "ಅಲ್ಲಿಯ ಟೀಚರು ನಿಮ್ಮ ಮನೆಯವರು ಅಂತ ನನಗೆ ಗೊತ್ತು. ಪಟ್ಟಿಗೆ ಗೊತ್ತಿಲ್ಲ. ಅದಕ್ಕೇ ಪಟ್ಟಿಯ ಮೇಲೆ ನನಗೆ ಗೌರವ."

*

"ಅನಗತ್ಯ?" ದ್ರಾಕ್ಷಾಯಣಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಯಾರ್ರೀ ಅನಗತ್ಯ?"

"ನೀನಲ್ಲ ಮಾರಾಯ್ತಿ. ನಿನ್ನ ಶಾಲೆ."

"ಅದನ್ನ ಬಿಟ್ಟು ನಾನು ಬ್ಯಾರೆ ಅದೀನೇನು?"

ಕೊಟ್ರೇಶ ವಾತಾವರಣ ತಿಳಿಯಾಗಲೆಂದು ಕುತ್ತಿಗೆ ಉದ್ದ ಮಾಡಿ, ರೆಪ್ಪೆ ಅರ್ಧ ಇಳಿಸಿ, ಪ್ರಸನ್ನವದನರಾದ. "ಗಮನಿಸಿ, ದ್ರಾಕ್ಷಾಯಣಿ. ರೊಟ್ಟಿ ಒಂದು ಕಡೆ ಸೀಯುತ್ತಿದೆ. ಇನ್ನೊಂದು ಕಡೆಯ ದತ್ತಾಂಶ ಲಭ್ಯವಿಲ್ಲ."

ಬೇರೆ ದಿನವಾಗಿದ್ದರೆ ಅವಳು ಸೌಟು ಎಸೆದು ನಗುತ್ತಿದ್ದಳು. ಇವತ್ತು ರೊಟ್ಟಿಯನ್ನು ಮಗುಚಿ ಹಾಕಿದಳು, ಅಷ್ಟೆ.

ಹದಿನೇಳನೇ ನಂಬರಿನ ಸಂಜೆಶಾಲೆ ಇದ್ದದ್ದು ಊರಂಚಿನ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ, ಒಲೆ ಆರಿಸಿ ಬಿಟ್ಟ ಒಂದು ಹಳೆಯ ಭಟ್ಟಿಯಲ್ಲಿ. ಮಕ್ಕಳೆಲ್ಲ ಅಕ್ಕಪಕ್ಕದ ಭಟ್ಟಿಗಳಲ್ಲಿ ಹುರಿಯುವವರ, ಜರಡಿ ಹಿಡಿಯುವವರ, ಚೀಲ ಹೊಲಿಯುವವರ ಮಕ್ಕಳು. ಅದನ್ನು ಮುಚ್ಚಿದರೆ ಹತ್ತಿರದ ಶಾಲೆ ರೈಲ್ವೆ ಗೇಟಿನ ಆಚೆಗೆ, ಹದಿನೆಂಟನೇ ನಂಬರು.

"ಗೇಟಿನ ಆಚಿಗೆ ಹೆಣ್ಣುಹುಡುಗ್ರನ್ನ ಯಾರೂ ಕಳ್ಸಲ್ಲ," ಎಂದಳು ದ್ರಾಕ್ಷಾಯಣಿ. "ಜಬೀನಾನ ದಾದಿ, ಮಂಡಕ್ಕಿ ಅಳೆದು ಮಾರೋ ಆ ಅಜ್ಜಿ, ಆವತ್ತೇ ಹೇಳ್ಬಿಟ್ಟಾಳೆ, 'ಟೀಚರ್, ನನ್ನ ಕಣ್ಣಿಗೆ ಕಾಣೋ ತನಕ ಶಾಲೆ, ಅಲ್ಲಿಂದ ಮುಂದೆ ಜರಡಿ' ಅಂತ. ಆ ಹುಡುಗಿ ಕೈಗೆ ಜರಡಿ ಕೊಡಾಕೆ ನೀವು ಪಟ್ಟಿ ಬರೀತೀರೇನು?"

ಜಬೀನಾಗೆ ಹನ್ನೊಂದು ವರ್ಷ. ಆರು ತಿಂಗಳ ಹಿಂದೆ ಶಾಲೆಗೆ ಸೇರಿದಾಗ ಕಳೆಯುವ ಲೆಕ್ಕಕ್ಕೆ ಕೈಬೆರಳು ಸಾಲದೆ ಪಕ್ಕದವಳ ಬೆರಳು ಎರವಲು ತೆಗೆದುಕೊಳ್ಳುತ್ತಿದ್ದಳು. ಇದು ಕೊಟ್ರೇಶನಿಗೂ ಗೊತ್ತಿತ್ತು. ಹಾಗಿದ್ದರೆ ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಟೋಪಿ ಹೇಳುವುದು ಹೇಗೆ?

"ಒಂದು ಉಪಾಯ ಐತಿ," ಎಂದ. "ಎಡವೋ ಕೈಯನ್ನ ನಾನು ಮಿಮಿಕ್ರಿ ಮಾಡಬಲ್ಲೆ. ತಾಳ ತಪ್ಪಿಸಿ, ಟೋಪಿಗೂ ಗೊತ್ತಾಗದ ಹಂಗೆ. ಎರಡು ದಿನ ಮಕ್ಕಳಿಗೆ ಕಲಿಸಿದ್ರೆ ಶುಕ್ರವಾರದೊಳಗೆ ಗೆರೆ ಎದ್ದು ಕೂರ್ತದೆ."

ದ್ರಾಕ್ಷಾಯಣಿ ಅವನ ತಟ್ಟೆಗೆ ರೊಟ್ಟಿ ಹಾಕಲಿಲ್ಲ. "ಗೊತ್ತಿರೋದನ್ನ ಗೊತ್ತಿಲ್ಲ ಅಂತ ಬರೀರಿ ಅಂತ ನಾನು ಮಕ್ಕಳಿಗೆ ಹೇಳ್ಬೇಕಾ? ಆರು ತಿಂಗಳು ತಿಣುಕಾಡಿ ಕಲ್ತಾವೆ ಕಣ್ರೀ ಅವು. ಯಾವಾಗ ತಿಣುಕ್ತಾವೆ ಅಂತ ನಿಮ್ಮ ಟೋಪಿಗೆ ಕಾಣದಿದ್ರೆ ಟೋಪಿ ಕಣ್ಣು ತೋರಿಸ್ಕೊಂಡು ಬರ್ರಿ."

ಆ ಮಾತು ರೊಟ್ಟಿಗಿಂತ ಬಿಸಿಯಾಗಿತ್ತು. ಅದನ್ನು ಜೀರ್ಣಿಸಿಕೊಳ್ಳಲು ಅವನಿಗೆ ಬೆಳಗಿನವರೆಗೆ ಬೇಕಾಯಿತು.

*

ಯಾವಾಗ ತಿಣುಕ್ತಾವೆ? ಮಂಗಳವಾರ ಕೊಟ್ರೇಶ ಗೆರೆಯನ್ನು ಬಿಟ್ಟು ಗೆರೆಯ ಹಿಂದಿನ ಸಮಯ ನೋಡತೊಡಗಿದ. ಪ್ರತಿ ಟೋಪಿಯೂ ಅಲುಗಿದ್ದು, ಅಲುಗದೇ ಇದ್ದದ್ದು ಎಲ್ಲವನ್ನೂ ಬರೆದಿಡುತ್ತದೆ; ಅಲುಗದ ಹೊತ್ತನ್ನು ಯಾರೂ ಓದುವುದಿಲ್ಲ, ಅಷ್ಟೆ.

ಬೇರೆ ಶಾಲೆಗಳಲ್ಲಿ ಟೋಪಿಗಳು ಸಂಜೆ ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಹತ್ತು ಲೆಕ್ಕ ಮುಗಿದ ಮಗು ಮನೆಗೆ ಓಡುತ್ತಿತ್ತು. ಹದಿನೇಳರಲ್ಲಿ ಹಾಗಿರಲಿಲ್ಲ. ಐದೂ ನಲವತ್ತರ ಆಸುಪಾಸಿಗೆ ಇಪ್ಪತ್ತಮೂರು ಟೋಪಿಗಳೂ ಒಂದಾದ ಮೇಲೊಂದು ಎತ್ತರದಿಂದ ಬಿದ್ದಂತೆ ಕುಕ್ಕುತ್ತಿದ್ದವು. ಆಮೇಲೆ ಒಂದರ ಮೈಗೆ ಒಂದು ತಾಗಿಕೊಂಡು ಕದಲದೆ ಮಲಗಿರುತ್ತಿದ್ದವು. ಆರೂ ಮುಕ್ಕಾಲಿಗೆ ಟೀಚರು ಅವನ್ನು ಪೆಟ್ಟಿಗೆಗೆ ಹಾಕಿದಾಗ ಮತ್ತೊಮ್ಮೆ ಅಲುಗಾಟ. ನಡುವೆ ಒಂದು ಗಂಟೆ ಐದು ನಿಮಿಷ. ಮೂರು ತಿಂಗಳು, ದಿನ ತಪ್ಪದೆ. ಅಷ್ಟು ಹೊತ್ತು ಬೀಗ ಹಾಕದ ಶಾಲೆಯಲ್ಲಿ ಮಕ್ಕಳು ಏನು ಮಾಡುತ್ತಿದ್ದರು?

ಸಂಜೆ ಐದೂವರೆಗೆ ಅವನು ಭಟ್ಟಿಯ ಬಾಗಿಲಲ್ಲಿದ್ದ.

ಒಳಗೆ ಮಕ್ಕಳು ಸಾಲಾಗಿ ಕುಳಿತು ಹತ್ತನೆಯ ಲೆಕ್ಕ ಬರೆಯುತ್ತಿದ್ದರು. ಕೈಗಳು ಇಳಿಜಾರಿನ ಸೈಕಲ್ಲುಗಳೇ. ಬರೆದು ಮುಗಿಸಿದ ಮೊದಲ ಹುಡುಗಿ ಎದ್ದು, ಪೆನ್ಸಿಲ್ಲಿನಿಂದ ಟೋಪಿ ಕಿತ್ತು, ಮೂಲೆಯಲ್ಲಿದ್ದ ಮಂಡಕ್ಕಿ ಅಳೆಯುವ ಹಿತ್ತಾಳೆ ಪಾವಿನೊಳಗೆ ಹಾಕಿದಳು. ಠಣ್. ಇನ್ನೊಂದು ಠಣ್. ಇಪ್ಪತ್ತಮೂರು ಠಣ್ ಮುಗಿದದ್ದೇ ತಡ ಚಾಪೆಗಳು ಸುರುಳಿಯಾಗಿ ಗೋಡೆ ಸೇರಿದವು, ನೆಲ ಬಯಲಾಯಿತು, ಸುಣ್ಣದ ಕಡ್ಡಿಗಳು ಹೊರಬಂದವು.

"ಕೊಸರು! ಕೊಸರು!" ಎಂದು ಭಟ್ಟಿಯೇ ಕೂಗಿದಂತಾಯಿತು.

ಮಂಡಕ್ಕಿ ಅಳೆಯುವವರು ಪಾವಿನ ಬಾಯನ್ನು ಅಂಗೈಯಿಂದ ಸವರಿ ಸಮ ಮಾಡಿ ಸುರಿಯುತ್ತಾರೆ. ಆಮೇಲೆ ಒಂದು ಹಿಡಿ ಸುಮ್ಮನೆ ಹಾಕುತ್ತಾರೆ. ಆ ಹಿಡಿಯೇ ಕೊಸರು. ಸಂಜೆಶಾಲೆಯಲ್ಲಿ ಮಕ್ಕಳಿಗೆ ತಲೆಗೊಂದು ಪಾವು ಮಂಡಕ್ಕಿ ತಿನ್ನಲು ಕೊಡುವ ಕ್ರಮವಿತ್ತು. ಕೊಸರು ಹಾಕದೆ ಕೊಟ್ಟರೆ ಈ ಮಕ್ಕಳು ಪೊಟ್ಟಣವನ್ನು ಮುಟ್ಟುತ್ತಲೇ ಇರಲಿಲ್ಲ. ಜಬೀನಾ ಸೇರಿದ ವಾರವೇ ಹತ್ತು ಲೆಕ್ಕ ಮುಗಿಸಿ, ಕೈ ಚಾಚಿ, "ಟೀಚರ್, ಕೊಸರು?" ಎಂದಿದ್ದಳು. ದ್ರಾಕ್ಷಾಯಣಿ ನಕ್ಕು, "ನೀನೇ ಒಂದು ಲೆಕ್ಕ ಕಟ್ಟು, ಅದೇ ಕೊಸರು" ಎಂದಿದ್ದಳು. ಮರುದಿನ ಎಲ್ಲರಿಗೂ ಕೊಸರು ಬೇಕಾಯಿತು.

ಈಗ ಅದಕ್ಕೆ ಕಾಯಿದೆಗಳೇ ಇದ್ದವು. ಲೆಕ್ಕವನ್ನು ಮಗುವೇ ಕಟ್ಟಬೇಕು. ಯಾರದಾದರೂ ದನಿಯಲ್ಲಿ ಕೇಳಬೇಕು. ನೆಲದ ಮೇಲೆ ಬಿಡಿಸಬೇಕು. ತಪ್ಪಾದರೆ ಬಟ್ಟೆಯಲ್ಲಿ ಒರೆಸುವಂತಿಲ್ಲ, ಕಾಲಲ್ಲೇ ಉಜ್ಜಿ ಮತ್ತೆ ಹಾಕಬೇಕು.

ಒಬ್ಬ ಹುಡುಗ ಬಸ್ ಕಂಡಕ್ಟರನ ಮೂಗಿನಲ್ಲಿ ಕೇಳಿದ: "ರೈಟ್ ರೈಟ್! ಹರಿಹರದಾಗೆ ಅರ್ಧ ಬಸ್ ಇಳೀತು, ಒಂಬತ್ತು ಮಂದಿ ಹತ್ತಿದ್ರು, ರಾಣೇಬೆನ್ನೂರಾಗೆ ಮೂರರಾಗೆ ಒಂದು ಪಾಲು ಇಳೀತು, ಇಪ್ಪತ್ತು ಮಂದಿ ಉಳಿದ್ರು. ಮೊದ್ಲು ಎಷ್ಟಿದ್ರು? ಚಿಲ್ಲರೆ ಕೊಡ್ರಿ, ಚಿಲ್ಲರೆ!" ನಾಲ್ಕು ಮಕ್ಕಳು ನೆಲಕ್ಕೆ ಬಿದ್ದು ಬಸ್ಸನ್ನು ಹಿಮ್ಮುಖವಾಗಿ ಓಡಿಸತೊಡಗಿದರು. ತಪ್ಪಿದರು, ಉಜ್ಜಿದರು, ಜಗಳವಾಡಿದರು, ಒಬ್ಬಳು ಮೊಣಕೈವರೆಗೆ ಸುಣ್ಣವಾದಳು. ಶಾಲೆಯಲ್ಲಿ ಆ ಬಗೆಯ ಲೆಕ್ಕ ಬರಲು ಇನ್ನೂ ಎರಡು ತಿಂಗಳಿತ್ತು.

ಕೊಟ್ರೇಶನಿಗೆ ಥಟ್ಟನೆ ಹೊಳೆಯಿತು. ಪಾಠ ಬರುವ ಮೊದಲೇ ಇವರು ಅದನ್ನು ಎಡವಿ ಮುಗಿಸಿರುತ್ತಾರೆ. ಟೋಪಿ ಹಾಕಿಕೊಂಡು ಕೂರುವ ಹೊತ್ತಿಗೆ ನಡೆಯುವುದೊಂದೇ ಬಾಕಿ. ಇಡೀ ಚಿಗುರು ಈ ನೆಲದ ಮೇಲಿತ್ತು. ಟೋಪಿಗಳು ಮೂಲೆಯ ಪಾವಿನಲ್ಲಿ ನಿದ್ದೆ ಮಾಡುತ್ತಿದ್ದವು.

"ಟೋಪಿ ಯಾಕೆ ತೆಗೆಸಿದೆ?" ಎಂದ ಹೆಂಡತಿಗೆ.

"ನಿಮ್ಮದೇ ಪುಸ್ತಕದಾಗೆ ಐತಲ್ಲ. 'ಹತ್ತನೆಯ ಲೆಕ್ಕ ಮುಗಿದ ಕೂಡಲೇ ಟೋಪಿಗಳನ್ನು ತೆಗೆದಿಡತಕ್ಕದ್ದು.' ಹೇಳಿದ ಮಾತು ಕೇಳಿದ್ದೇ ತಪ್ಪಾತೇನು?"

"ನಾಳೆ ಸುಣ್ಣದ ಕಡ್ಡಿಗೆ ಟೋಪಿ ಸಿಕ್ಕಿಸೋಣ. ಒಂದೇ ದಿನ ಸಾಕು. ಪರದೆ ಪೂರ್ತಿ ಹಸಿರಾಗ್ತದೆ."

ದ್ರಾಕ್ಷಾಯಣಿಗೆ ಮನಸ್ಸಿರಲಿಲ್ಲ. ಆದರೂ ಬುಧವಾರ ಕಡ್ಡಿಗಳ ಹಿಂತುದಿಗೆ ದಾರ ಸುತ್ತಿ ಟೋಪಿ ಕೂರಿಸಿದರು. ಚಾಪೆ ಸುತ್ತಿದರು. ಯಾರೂ "ಕೊಸರು" ಎಂದು ಕೂಗಲಿಲ್ಲ. ನಿನ್ನೆ ಕಂಡಕ್ಟರನಾಗಿದ್ದ ಹುಡುಗ ತನ್ನದೇ ದನಿಯಲ್ಲಿ, ಅದೂ ಅರ್ಧ ದನಿಯಲ್ಲಿ, "ಏಳೆಂಟ್ಲೆ ಎಷ್ಟು?" ಎಂದ. ಐವತ್ತಾರು ಎಂದು ಇಪ್ಪತ್ತೆರಡು ಮಕ್ಕಳು ಅಂದವಾಗಿ ಬರೆದರು. ಅಳತೆ ಕೋಣೆಯ ಪರದೆಯನ್ನೇ ತೋರಿಸುವ ಸಣ್ಣ ಫಲಕವೊಂದು ಕೊಟ್ರೇಶನ ಕೈಯಲ್ಲಿತ್ತು. ಅದರ ಮೇಲೆ ಗೆರೆ ಮಗ್ಗುಲು ಕೂಡ ಬದಲಿಸಲಿಲ್ಲ.

"ಜಬೀನಾ, ನೀನಾದ್ರೂ ಒಂದು ದೊಡ್ಡ ಲೆಕ್ಕ ಕಟ್ಟವ್ವ," ಎಂದ ಅವನು.

ಅವಳು ಕಡ್ಡಿಯ ಟೋಪಿಯನ್ನು ತಿರುಗಿಸಿ ನೋಡಿದಳು. "ಅಂಕಲ್, ಇದು ಕೊಸರು ಅಲ್ಲ. ಇದು ಹನ್ನೊಂದನೇ ಲೆಕ್ಕ."

"ಎರಡೂ ಒಂದೇ ಅಲ್ಲೇನು?"

"ಅದೆಂಗೆ ಒಂದಾಗ್ತದೆ? ನಮ್ ದಾದಿ ಕೊಸರಿಗೆ ಪಾವು ಹಿಡೀತಾಳೇನು? ಅಳೆದು ಹಾಕಿದ್ರೆ ಅದು ವ್ಯಾಪಾರ."

*

ಗುರುವಾರ ಕೊಟ್ರೇಶ ಪ್ರಸನ್ನವದನರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಪಾವು, ಠಣ್, ಸುಣ್ಣ, ಬುಧವಾರದ ಸೋಲು, ಯಾವುದನ್ನೂ ಬಿಡಲಿಲ್ಲ. ಅವರು ಕೊನೆಯವರೆಗೂ ಕೇಳಿದರು. ಅವರ ಜೇಬಿನಲ್ಲಿ ಯಾವಾಗಲೂ ಟೋಪಿ ಹಾಕಿದ ಒಂದು ಪೆನ್ಸಿಲ್ಲು ಇರುತ್ತಿತ್ತು, ಅದು ಅವರು ಮಾಡಿದ ಮೊಟ್ಟಮೊದಲ ಟೋಪಿ. ಅದನ್ನು ತೆಗೆದು ಮೇಜಿನ ಮೇಲೆ ಉರುಳಿಸುತ್ತ ಕೂತರು.

"ಗಮನಿಸಿ. ನೀವು ಹೇಳುವುದು ಇಷ್ಟು: ಬೆಳವಣಿಗೆ ಇದೆ, ಆದರೆ ನಾವು ಅಳೆಯದ ಹೊತ್ತಿನಲ್ಲಿ ಇದೆ, ಅಳೆಯಲು ಹೋದರೆ ಇರುವುದಿಲ್ಲ. ಇದನ್ನು ವಿಜ್ಞಾನ ಅನ್ನುವುದಿಲ್ಲ, ಕೊಟ್ರೇಶ್. ದೆವ್ವದ ಕಥೆ ಅನ್ನುತ್ತಾರೆ."

"ಹಾಗಾದ್ರೆ ಬಂದು ದೆವ್ವ ನೋಡಿ, ಸರ್. ಪಟ್ಟಿ ನಾಳೆ ಹೋಗೋದು. ಇವತ್ತಿನ ಸಂಜೆ ಇನ್ನೂ ಇದೆ."

ಅವರು ಬಂದರು. ಕೈಯಲ್ಲಿ ಅನಗತ್ಯ ಪಟ್ಟಿಯ ಕಾಗದ ಹಿಡಿದೇ ಬಂದರು. ಹತ್ತು ಲೆಕ್ಕವನ್ನು ಸಾಲುಸಾಲಾಗಿ ನಡೆದು ನೋಡಿದರು. ಯಾರೂ ಯಾರದನ್ನೂ ನೋಡಿ ಬರೆಯುತ್ತಿರಲಿಲ್ಲ. ಇಪ್ಪತ್ತಮೂರು ಠಣ್ ಆಯಿತು. ದೊಡ್ಡವರು ಬಂದಿದ್ದಾರೆಂದು ಮಕ್ಕಳು ಚಾಪೆ ಸುತ್ತಲು ಅನುಮಾನಿಸಿದರು. ಕೊಟ್ರೇಶನ ಎದೆ ಪಾವಿನೊಳಗೆ ಬಿದ್ದಂತಾಯಿತು. ಬುಧವಾರದಂತೆಯೇ ಆಗಿಬಿಟ್ಟರೆ?

ಪ್ರಸನ್ನವದನರು ಗಡಿಯಾರ ನೋಡಿಕೊಂಡರು. "ಇಷ್ಟೇ ಏನು?"

ಆಗ ಜಬೀನಾ ಎದ್ದು ನಿಂತಳು. ಕುತ್ತಿಗೆ ಉದ್ದ ಮಾಡಿದಳು. ರೆಪ್ಪೆ ಅರ್ಧ ಇಳಿಸಿದಳು.

"ಗಮನಿಸಿ," ಎಂದಳು.

ದನಿ ತದ್ರೂಪು. ಹುಡುಗಿ ಅವರನ್ನು ಕಂಡು ಅರ್ಧ ಗಂಟೆಯೂ ಆಗಿರಲಿಲ್ಲ, ಸಾಲುಗಳ ನಡುವೆ ಅವರು ಒಂದೆರಡು ಸಲ 'ಗಮನಿಸಿ' ಎಂದದ್ದನ್ನು ಕೇಳಿದ್ದಳು, ಅಷ್ಟೆ. ಕೊಟ್ರೇಶನಿಗೆ ಮೂರನೆಯ ಮೆಮೊದ ಒಕ್ಕಣೆ ಕಣ್ಣಮುಂದೆ ಬಂತು.

"ಗಮನಿಸಿ. ಚೀಲದಲ್ಲಿ ನೂರು ಪಾವು ಮಂಡಕ್ಕಿ ಇದೆ. ನಮ್ಮ ದಾದಿಯ ಕೈ ದೊಡ್ಡದು. ನಾಲ್ಕು ಪಾವು ಕೊಂಡವರಿಗೆ ಅವಳು ಒಂದು ಪಾವಿನಷ್ಟು ಕೊಸರು ಹಾಕುತ್ತಾಳೆ. ಚೀಲ ಬರಿದಾಗುವ ಹೊತ್ತಿಗೆ ಮಾರಿದ್ದು ಎಷ್ಟು ಪಾವು?"

"ನಾನು ಹೀಗೆ ಮಾತಾಡ್ತೀನೇನ್ರಿ?" ಎಂದು ಪ್ರಸನ್ನವದನರು ಕೊಟ್ರೇಶನನ್ನು ಕೇಳಿದರು.

"ಉತ್ತರ ಹೇಳ್ರಿ ಸರ್," ಎಂದ ಕಂಡಕ್ಟರ್ ಹುಡುಗ. "ಬಸ್ ಹೊಂಟತಿ."

"ಎಪ್ಪತ್ತೈದು," ಎಂದರು ಅವರು ಥಟ್ಟನೆ. "ನಾಲ್ಕಕ್ಕೆ ಒಂದು. ನೂರಕ್ಕೆ ಇಪ್ಪತ್ತೈದು ಕೊಸರು. ಉಳಿದದ್ದು ಎಪ್ಪತ್ತೈದು."

ಇಪ್ಪತ್ತಮೂರು ಮಕ್ಕಳು ಒಟ್ಟಿಗೆ ನಕ್ಕಾಗ ಹಳೆಯ ಭಟ್ಟಿಯ ಮಸಿ ಒಂದಿಷ್ಟು ಉದುರಿತು. "ಉಜ್ಜಿ ಸರ್, ಉಜ್ಜಿ! ಕಾಲಾಗೆ ಉಜ್ಜಿ!"

"ಯಾಕೆ? ಏನು ತಪ್ಪು?"

"ಎಪ್ಪತ್ತೈದು ಮಾರಿದವ್ರು ಇಪ್ಪತ್ತೈದು ಕೊಸರು ಯಾಕೆ ಹಾಕ್ತಾರೆ ಸರ್? ಎಣಿಸ್ರಿ," ಎಂದಳು ಜಬೀನಾ, ಈಗ ತನ್ನ ದನಿಯಲ್ಲಿ.

ಪ್ರಸನ್ನವದನರ ಹುಬ್ಬು ಒಂದಕ್ಕೊಂದು ಹತ್ತಿರ ಬಂತು. ಎಲ್ಲಿ ಕೂರುತ್ತಿದ್ದೇನೆ ಎಂದು ನೋಡದೆ ನೆಲಕ್ಕೆ ಕೂತರು. ಜೇಬಿನಿಂದ ಪೆನ್ಸಿಲ್ಲು ತೆಗೆದರು. ಕೈಯಲ್ಲಿದ್ದ ಪಟ್ಟಿಯನ್ನು ಮಗುಚಿ ಅದರ ಬೆನ್ನ ಮೇಲೆ ಬರೆಯತೊಡಗಿದರು. ಬರೆದರು, ನಿಂತರು, ಹೊಡೆದು ಹಾಕಿದರು. ಪೆನ್ಸಿಲ್ಲಿನ ಮೊನೆ ಮುರಿಯುವಷ್ಟು ಒತ್ತಿದರು. ಸುತ್ತ ಮಕ್ಕಳು ಬಗ್ಗಿ, "ಹತ್ರ ಬಂದ್ರಿ... ಹತ್ರ ಬಂದ್ರಿ... ಅಯ್ಯೋ, ಮತ್ತೆ ದೂರ ಹೋದ್ರಿ!" ಎನ್ನುತ್ತಿದ್ದರು.

ಕೊಟ್ರೇಶನ ಕೈಯಲ್ಲಿದ್ದ ಫಲಕ ಸಣ್ಣಗೆ ಗುಂಯ್‌ಗುಟ್ಟಿತು. ಅವನು ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಹದಿನೇಳನೇ ನಂಬರಿನ ಗೆರೆ ಕಣ್ಣು ಬಿಟ್ಟಿತ್ತು.

"ಚೀಲದಾಗಿಂದ ಒಂದು ಸಲಕ್ಕೆ ಎಷ್ಟು ಹೋಗ್ತದೆ ಸರ್?" ಎಂದಳು ಜಬೀನಾ ಮೆಲ್ಲಗೆ. ಅದು ಟೀಚರ ದನಿ; ದ್ರಾಕ್ಷಾಯಣಿ ದೂರದಿಂದಲೇ ಅದನ್ನು ಗುರುತಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಾಲ್ಕು."

"ಮತ್ತೆ ಕೊಸರು? ಅದು ಆಕಾಶದಿಂದ ಬೀಳ್ತದೇನು? ಅದೂ ಅದೇ ಚೀಲದ್ದೇ ಅಲ್ವಾ ಸರ್."

ಪೆನ್ಸಿಲ್ಲು ನಿಂತಿತು. ಆಮೇಲೆ ಇಳಿಜಾರಿಗೆ ಬಿದ್ದಿತು. "ಐದು," ಎಂದರು ಪ್ರಸನ್ನವದನರು. "ಒಂದು ಸಲಕ್ಕೆ ಐದು ಹೋಗುತ್ತದೆ. ಇಪ್ಪತ್ತು ಸಲ. ಮಾರಿದ್ದು ಎಂಬತ್ತು, ಕೊಸರು ಇಪ್ಪತ್ತು." ತಲೆಯೆತ್ತಿದರು. "ಕೊಸರೂ ಅದೇ ಚೀಲದ್ದು."

ಫಲಕ ಮತ್ತೆ ಗುಂಯ್ ಎಂದಿತು. ಕೊಟ್ರೇಶ ಅದನ್ನು ಅವರ ಮುಂದೆ ಹಿಡಿದ. ಹಸಿರು ಅಕ್ಷರಗಳಲ್ಲಿ ಬರೆದಿತ್ತು:

'ಕೇಂದ್ರ ಹದಿನೇಳು. ನೋಂದಣಿಯಾಗದ ಹೊಸ ವಿದ್ಯಾರ್ಥಿ. ಎಡವು ತೀವ್ರ, ನಂತರ ನಡೆ ಸುಗಮ. ಚಿಗುರು: ಜಿಲ್ಲೆಯಲ್ಲೇ ಇಂದಿನ ಗರಿಷ್ಠ. ಶಿಫಾರಸು: ಈ ವಿದ್ಯಾರ್ಥಿಗೆ ಸಂಜೆಶಾಲೆ ಅತ್ಯಗತ್ಯ.'

ಪ್ರಸನ್ನವದನರು ಓದಿದರು. ಇನ್ನೊಮ್ಮೆ ಓದಿದರು. ಕೈಯಲ್ಲಿದ್ದ ಪೆನ್ಸಿಲ್ಲಿನ ಹಿಂತುದಿ ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ಕಡೆಯಿಂದ ಏನೋ ಶುರುವಾಗಿ ಇನ್ನೊಂದು ಕಡೆಗೆ ಹರಡಿತು. ಐವತ್ತೆರಡು ವರ್ಷ ತಡವಾಗಿ, ಪ್ರಸನ್ನತೆ ಚಾರ್ಜು ತೆಗೆದುಕೊಂಡಿತು.

*

ನಕ್ಕರೆಂದು ಅವರು ವಿಜ್ಞಾನ ಬಿಡಲಿಲ್ಲ. "ಒಬ್ಬ ಮುದುಕ ಎಡವಿದ್ದು ದತ್ತಾಂಶವಲ್ಲ," ಎಂದರು ಮರುದಿನ ಬೆಳಿಗ್ಗೆ. "ಆ ಮಕ್ಕಳದ್ದು ಬೇಕು. ಕೊಸರನ್ನು ಮುಟ್ಟದೆ ಬೇಕು. ಹೇಗೆ?"

ಕೊಟ್ರೇಶ ರಾತ್ರಿ ಊಟದ ಹೊತ್ತಿಗೇ ಅದನ್ನು ಹೆಂಡತಿಯೊಡನೆ ಕೂತು ಲೆಕ್ಕ ಹಾಕಿದ್ದ. "ಚೀಲವನ್ನ ಮೊದಲು ಒಂದ್ಸಲ ತೂಗೋದು, ಆಮೇಲೆ ಒಂದ್ಸಲ ತೂಗೋದು, ಸರ್. ನಡುವೆ ದಾದಿ ಕೈಗೆ ಕೈ ಹಾಕಬಾರದು. ಹತ್ತು ಲೆಕ್ಕದಲ್ಲಿ ಒಂದನ್ನ ಬದಲಾಯಿಸೋಣ. ಆ ದಿನದ ಪಾಠದ್ದು ಬೇಡ, ಎರಡು ತಿಂಗಳು ಮುಂದಿಂದು ಕೊಡೋಣ. ಈ ಶನಿವಾರ ಒಂದು, ಮುಂದಿನ ಶನಿವಾರ ಅದೇ ಬಗೆಯದು ಇನ್ನೊಂದು. ಎರಡಕ್ಕೂ ಟೋಪಿ ಇರ್ತದೆ. ನಡುವಿನ ವಾರ ಪೂರ್ತಿ ಕೊಸರು ಕೊಸರಾಗೇ ಇರಲಿ, ಟೋಪಿ ಪಾವಿನಲ್ಲೇ ಇರಲಿ."

ಪ್ರಸನ್ನವದನರು ಪಟ್ಟಿಯಲ್ಲಿ ಹದಿನೇಳನ್ನು ಹೊಡೆಯಲಿಲ್ಲ. ಅದರ ಮುಂದೆ 'ಒಂದು ವಾರ' ಎಂದು ಬರೆದರು. ಆಮೇಲೆ ಯೋಚಿಸಿ ಹದಿನೆಂಟನೇ ನಂಬರಿನ ಸಂಜೆಶಾಲೆಗೂ ಅದೇ ಎರಡು ಲೆಕ್ಕ ಕಳಿಸಲು, ಎರಡೂ ಕಡೆ ಟೀಚರು ಅದಕ್ಕೆ ಕೈಹಿಡಿಯದಂತೆ ತಿಳಿಸಲು ಹೇಳಿದರು. ಹೋಲಿಸಿ ನೋಡಲು ಇನ್ನೊಂದು ಚೀಲ ಬೇಡವೇ?

ಮೊದಲ ಶನಿವಾರ ಎರಡೂ ಶಾಲೆಯ ಮಕ್ಕಳು ಒಂದೇ ರೀತಿ ಎಡವಿದರು. ಹದಿನೇಳರಲ್ಲಿ ಒಬ್ಬ ಹುಡುಗ "ಇದು ಸಿಲಬಸ್ಸಿನಾಗೆ ಇಲ್ಲ" ಎಂದು ದೂರು ಕೊಟ್ಟ. ಟೋಪಿ ಪಾವು ಸೇರಿದ ಮೇಲೆ ಅದೇ ಹುಡುಗ ಆ ಲೆಕ್ಕವನ್ನೇ ತರಕಾರಿ ಮಾರುವ ಗಿರಿಜವ್ವನ ದನಿಯಲ್ಲಿ ನೆಲಕ್ಕಿಳಿಸಿದ. ವಾರವೆಲ್ಲ ಕೊಟ್ರೇಶ ಆ ಓಣಿಯ ಕಡೆ ಸುಳಿಯಲಿಲ್ಲ. ದಿನಾ ಸಂಜೆ ಐದೂ ನಲವತ್ತಕ್ಕೆ ಪರದೆಯ ಮೇಲೆ ಇಪ್ಪತ್ತಮೂರು ಟೋಪಿಗಳು ಕುಕ್ಕುವುದನ್ನು ನೋಡುತ್ತಿದ್ದ. ಮನಸ್ಸಿನಲ್ಲೇ ಠಣ್ ಎನ್ನುತ್ತಿದ್ದ.

ಎರಡನೆಯ ಶನಿವಾರ ಹದಿನೆಂಟರ ಮಕ್ಕಳ ಕೈ ಹಿಂದಿನ ವಾರ ನಿಂತಲ್ಲೇ ಮತ್ತೆ ನಿಂತಿತು. ಪಾಪ, ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಹದಿನೇಳಕ್ಕೂ ಯಾರೂ ಕಲಿಸಿರಲಿಲ್ಲ. ಆದರೂ ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಕೈಗಳು ನಡೆದುಹೋದವು, ನಾಲ್ಕು ಕೈಗಳು ಒಂದಿಷ್ಟು ಕುಂಟಿ ನಡೆದವು. ಅಳತೆ ಕೋಣೆಯ ಪರದೆಯ ಮೇಲೆ ಹದಿನೇಳನೇ ಗೆರೆ ಮಲಗಿದ್ದಲ್ಲಿಂದ ಎದ್ದು ನೂರಾ ಮೂವತ್ತೊಂಬತ್ತು ಗೆರೆಗಳನ್ನೂ ದಾಟಿ ಮೇಲಿನ ಅಂಚಿಗೆ ತಲೆ ತಾಗಿಸಿ ನಿಂತಿತು. ಪರದೆಯನ್ನೇ ಹಿಗ್ಗಿಸಬೇಕಾಯಿತು.

ಆ ತಿಂಗಳೇ ಎಲ್ಲ ಸಂಜೆಶಾಲೆಗಳಿಗೂ ಹೊಸ ನಮೂನೆ ಹೋಯಿತು. ಟೋಪಿ ತೆಗೆದಿಟ್ಟ ಮೇಲೆ ಮಕ್ಕಳಿಗೆ ಒಂದು ಗಂಟೆ ಬಿಡತಕ್ಕದ್ದು, ಆ ಹೊತ್ತಿನಲ್ಲಿ ಯಾವ ಉಪಕರಣವನ್ನೂ ತರತಕ್ಕದ್ದಲ್ಲ ಎಂಬ ಸಾಲು ಅದರಲ್ಲಿತ್ತು. ಕೊನೆಯ ಅಂಕಣಕ್ಕೆ ಗುಮಾಸ್ತರು ಅಭ್ಯಾಸಬಲದಿಂದ 'ಕೊಸರು: ಎಷ್ಟು?' ಎಂದು ಅಚ್ಚು ಮಾಡಿಸಲು ಹೊರಟಿದ್ದರು. ಕೊಟ್ರೇಶ ಕರಡು ತರಿಸಿ 'ಎಷ್ಟು' ಎಂಬುದನ್ನು ಹೊಡೆದು 'ಇದೆಯೇ?' ಎಂದು ತಿದ್ದಿದ. ಪ್ರಸನ್ನವದನರು ರುಜು ಹಾಕಿದರು.

ಹಾಕಿ, ಸಂಜೆ ತಾವೇ ಹದಿನೇಳಕ್ಕೆ ಬಂದರು. ಜಬೀನಾ ಮಂಡಕ್ಕಿ ಹಂಚುತ್ತಿದ್ದಳು. ಆ ವಾರದ ಪಾಳಿ ಅವಳದು. ಅವರೂ ಸಾಲಿನಲ್ಲಿ ನಿಂತರು, ಇಪ್ಪತ್ತನಾಲ್ಕನೆಯವರಾಗಿ. ಅವಳು ಪಾವು ತುಂಬಿದಳು, ಬಾಯನ್ನು ಅಂಗೈಯಿಂದ ಸಮ ಸವರಿದಳು, ಅವರ ಪೊಟ್ಟಣಕ್ಕೆ ಸುರಿದಳು. ಅವರು ಕದಲಲಿಲ್ಲ.

"ಆತಲ್ಲ ಸರ್," ಎಂದಳು ಜಬೀನಾ, ಕಣ್ಣಲ್ಲಿ ನಗು ಬಚ್ಚಿಟ್ಟುಕೊಂಡು.

"ಗಮನಿಸಿ," ಎಂದರು ಪ್ರಸನ್ನವದನರು, ಚಾಚಿದ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಳ್ಳದೆ. "ಅಳೆದದ್ದು ಮಾತ್ರ ಬಂದಿದೆ."